ಸತ್ತವರು ಬಂದು ಊಟ ಮಾಡಿ ಹೋಗಲಿ

(ಹಾಸನದಲ್ಲಿ ಸಿನಿಮಾ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಸಿನಿಮಾ ತೋರಿಸ್ತಾರೆ ಅಂದುಕೊಂಡು ಬಂದವರೂ ಇರಬಹುದು. ಇಲ್ಲ, ಇವತ್ತು ಬರೀ ಮಾತು. ಎದ್ದು ಹೋಗುವವರು ಈಗಲೇ ಹೋಗಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಸತ್ತ ಮೇಲೂ ಮುಗಿಯದ ಪ್ರೀತಿಯ ಕಥೆಗಳಿವೆಯಲ್ಲ, ಗಂಡ ಸತ್ತು ಸ್ವರ್ಗಕ್ಕೆ ಹೋಗುತ್ತಾನೆ, ಹೆಂಡತಿ ಇಲ್ಲಿ ಅಳುತ್ತಾಳೆ, ಅಂಥವು. ಅವನ್ನು ಮನೆಮಂದಿಯೆಲ್ಲ ಕೂತು ನೋಡಬಹುದಾ? ಇದು ನನಗೆ ಕೊಟ್ಟ ವಿಷಯ. ನಾನು ಸಿನಿಮಾ ಪಂಡಿತ ಅಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಆದರೆ ಈ ಪ್ರಶ್ನೆ ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಹಾಲ್‌ನಲ್ಲೇ ಹುಟ್ಟಿತು. ಹಾಗಾಗಿ ಒಪ್ಪಿಕೊಂಡೆ.

ಮಗ ದೊಡ್ಡ ಟೀವಿ ತಂದಿದ್ದ. ಆವತ್ತು ಸೋಫಾ ಮೇಲೆ ಇದ್ದವರು ಇಷ್ಟು: ನಾನು, ನನ್ನ ಹೆಂಡತಿ, ಹದಿನಾಲ್ಕು ವರ್ಷದ ಮೊಮ್ಮಗಳು, ಎಂಟು ವರ್ಷದ ಮೊಮ್ಮಗ, ಮತ್ತೆ ನಮ್ಮಕ್ಕ. ಅಕ್ಕನಿಗೆ ಎಪ್ಪತ್ತು ದಾಟಿದೆ. ಭಾವ ಹೋಗಿ ಏಳು ವರ್ಷ. ಹಾಕಿದ್ದು ‘ವಾಟ್ ಡ್ರೀಮ್ಸ್ ಮೇ ಕಮ್’. 1998ರ ಅಮೆರಿಕನ್ ಸಿನಿಮಾ. ವಿನ್ಸೆಂಟ್ ವಾರ್ಡ್ ನಿರ್ದೇಶನ, ರಾಬಿನ್ ವಿಲಿಯಮ್ಸ್ ನಾಯಕ. ದೃಶ್ಯ ಪರಿಣಾಮಕ್ಕೆ ಆಸ್ಕರ್ ಬಂದಿದೆ. “ತುಂಬಾ ಚೆನ್ನಾಗಿದೆ, ಬಣ್ಣ ನೋಡೋಕೇ ಎರಡು ಕಣ್ಣು ಸಾಲದು” ಅಂತ ಯಾರೋ ಮಗನಿಗೆ ಹೇಳಿದ್ದರಂತೆ. ಹೇಳಿದವರು ಸುಳ್ಳು ಹೇಳಿಲ್ಲ. ಅರ್ಧ ಮಾತ್ರ ಹೇಳಿದ್ದರು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಗಂಡ ಮಕ್ಕಳ ಡಾಕ್ಟರು, ಹೆಂಡತಿ ಚಿತ್ರ ಬರೆಯುವವಳು. ಒಂದು ಹುಡುಗ, ಒಂದು ಹುಡುಗಿ. ಕಾರು ಅಪಘಾತದಲ್ಲಿ ಇಬ್ಬರು ಮಕ್ಕಳೂ ಹೋಗಿಬಿಡುತ್ತಾರೆ. ಕೆಲವು ವರ್ಷಕ್ಕೆ ಗಂಡನೂ ರಸ್ತೆಯಲ್ಲೇ ಸಾಯುತ್ತಾನೆ. ಕಣ್ಣು ಬಿಟ್ಟರೆ ಅವನು ಹೆಂಡತಿ ಬರೆದಂಥ ಚಿತ್ರದೊಳಗೇ ಇದ್ದಾನೆ. ಹೂವು ಹಿಡಿದರೆ ಕೈಯಲ್ಲಿ ಹಸಿ ಬಣ್ಣವಾಗಿ ಹಿಸುಕಿಕೊಳ್ಳುತ್ತದೆ. ಅದೇ ಅವನ ಸ್ವರ್ಗ. ಹಿಂದೆ ಸತ್ತಿದ್ದ ಅವರ ಮನೆ ನಾಯಿ ಅಲ್ಲಿ ಓಡಿ ಬಂದು ಮುಖ ನೆಕ್ಕುತ್ತದೆ. ನಮ್ಮ ಮೊಮ್ಮಗ ಬಿದ್ದು ಬಿದ್ದು ನಕ್ಕ. ಮಾರ್ಚ್‌ನಲ್ಲಿ ನಮ್ಮ ಮನೆ ನಾಯಿ ಸತ್ತಿತ್ತು. “ತಾತ, ನಮ್ಮ ರಾಜನೂ ಹಿಂಗೇ ಇರ್ತಾನಾ?” ಅಂತ ಕೇಳಿದ. ಇರ್ತಾನೆ ಕಣೋ, ಸುಮ್ನೆ ನೋಡು ಅಂದೆ.

ಆಮೇಲೆ ಹೆಂಡತಿ ತನ್ನ ಜೀವ ತಾನೇ ತೆಗೆದುಕೊಳ್ಳುತ್ತಾಳೆ. ಹಾಗೆ ಸತ್ತವರು ಸ್ವರ್ಗಕ್ಕೆ ಬರುವುದಿಲ್ಲ ಅಂತ ಅವನಿಗೆ ಹೇಳುತ್ತಾರೆ. ಅವನು ಅವಳನ್ನು ಹುಡುಕಿಕೊಂಡು ನರಕಕ್ಕೆ ಇಳಿಯುತ್ತಾನೆ. ನೆಲದ ತುಂಬ ಮನುಷ್ಯರ ಮುಖಗಳು. ಕುತ್ತಿಗೆಯವರೆಗೆ ಹೂತವರು, ಕಣ್ಣು ಬಿಟ್ಟುಕೊಂಡು ಮಾತಾಡುವವರು. ಅವುಗಳ ಮೇಲೇ ಕಾಲಿಟ್ಟು ನಡೆಯಬೇಕು. ಮೊಮ್ಮಗ ಅಜ್ಜಿಯ ಸೆರಗಿನೊಳಗೆ ಹೋಗಿಬಿಟ್ಟ. ಮೊಮ್ಮಗಳು ಮಾತಾಡಲಿಲ್ಲ, ಮಂಡಿ ಮೇಲೆ ಗಲ್ಲ ಇಟ್ಟುಕೊಂಡು ನೋಡುತ್ತಿದ್ದಳು. ನನಗೆ ಭಯವಾಗಿದ್ದು ಅವಳನ್ನು ನೋಡಿ, ಮುಖಗಳನ್ನು ನೋಡಿ ಅಲ್ಲ.

ಈ ಎರಡು ಗಂಟೆಯಲ್ಲಿ ನಮ್ಮ ಮನೆಯವರ ಕೈ ರಿಮೋಟಿನ ಕಡೆ ಹೋಗಿದ್ದು ಒಂದೇ ಸಲ. ಯಾವಾಗ ಹೇಳಿ? ಗಂಡ ಹೆಂಡತಿ ಮುತ್ತು ಕೊಡುವಾಗ!

ನಗಬೇಡಿ, ನಿಮ್ಮ ಮನೆಯಲ್ಲೂ ಅದೇ. ನಮಗೆ ‘ಸಾಂಸಾರಿಕ ಚಿತ್ರ’ ಅಂದರೆ ಮುತ್ತು ಇರಬಾರದು, ಕೆಟ್ಟ ಮಾತು ಇರಬಾರದು, ರಕ್ತ ಜಾಸ್ತಿ ಇರಬಾರದು. ಈ ಮೂರು ಜರಡಿಯಲ್ಲಿ ಬಿದ್ದರೆ ಪಾಸ್. ಜನ ಅಳುವ ಸಿನಿಮಾ ಆದರಂತೂ ಡಬಲ್ ಪಾಸ್. ಕಣ್ಣೀರು ಬಂದರೆ ಒಳ್ಳೆಯದೇ ಅಂತ ನಮ್ಮ ಲೆಕ್ಕ.

ಸರ್ಕಾರದ ಜರಡಿ ಇದಕ್ಕಿಂತ ಪರವಾಗಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ನಿಮಗೆ ಗೊತ್ತು. ಯು ಮತ್ತು ಎ ನಡುವೆ ಯುಎ ಅಂತ ಸೇರಿದ್ದು 1983ರಲ್ಲಿ. ಹನ್ನೆರಡರ ಕೆಳಗಿನ ಮಕ್ಕಳಿಗೆ ತೋರಿಸುವಾಗ ತಂದೆ ತಾಯಿ ಯೋಚನೆ ಮಾಡಲಿ ಅಂತ ಅದರ ಅರ್ಥ. 2023ರ ತಿದ್ದುಪಡಿ ಅದನ್ನು ಮೂರು ಮಾಡಿತು: ಏಳು, ಹದಿಮೂರು, ಹದಿನಾರು. ನಾವು ನೋಡಿದ ಸಿನಿಮಾಕ್ಕೆ ಅಮೆರಿಕದಲ್ಲಿ ಪಿಜಿ-13 ಅಂತ ಕೊಟ್ಟಿದ್ದರು. ಹದಿಮೂರರ ಕೆಳಗಿನವರ ಬಗ್ಗೆ ಹುಷಾರು ಅಂತ. ನಾವು ಓದಲೇ ಇಲ್ಲ, ಅದು ಬೇರೆ ವಿಷಯ. ಓದಿದ್ದರೂ ಏನು? ಸರ್ಟಿಫಿಕೇಟು ಮಗುವಿನ ವಯಸ್ಸು ಕೇಳುತ್ತದೆ. ಈ ವರ್ಷ ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ ಅಂತ ಕೇಳುವುದಿಲ್ಲ.

ಹಾಗಂತ ಸಾವಿನ ಕಥೆ ಮಕ್ಕಳಿಗೆ ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ. ನಮ್ಮ ಸೀಮೆಯ ಮಕ್ಕಳು ಪರಲೋಕ ಕಾಣದವರೇನಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಅವರನ್ನು ಹೊರಗೆ ಕಳಿಸುತ್ತೀವಾ? ಇಲ್ಲ. ತಾತನ ಫೋಟೋ ಒರೆಸುವುದೇ ಅವರ ಕೆಲಸ. ಬಾಳೆ ಎಲೆ ಮೇಲೆ ತಾತನಿಗೆ ಇಷ್ಟವಾದದ್ದೆಲ್ಲ ಬರುತ್ತದೆ. ಮುದ್ದೆ, ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ. ಕೆಲವು ಮನೆಯಲ್ಲಿ ಸಣ್ಣ ಬಾಟಲಿಯೂ ಇರುತ್ತದೆ, ಇಲ್ಲಿ ಕೂತವರು ಯಾರೂ ಇಲ್ಲ ಅನ್ನಬೇಡಿ. ಧೂಪ ಹಾಕಿ ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಒಳಗೆ ಹಿರಿಯರು ಊಟ ಮಾಡುತ್ತಿದ್ದಾರೆ, ಸದ್ದು ಮಾಡಬೇಡಿ. ಐದು ನಿಮಿಷ ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ಆಮೇಲೆ ಅದೇ ಎಡೆಯ ವಡೆಗೆ ಮಕ್ಕಳು ಕಿತ್ತಾಡುತ್ತವೆ.

ನನಗೆ ಇದರಲ್ಲಿ ಇಷ್ಟವಾಗುವುದು ಆ ಐದು ನಿಮಿಷ. ಸತ್ತವರು ಬರುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ಇದ್ದುಬಿಡಿ ಅಂತ ನಾವು ಕೇಳುವುದಿಲ್ಲ. ನಮ್ಮನ್ನೂ ಕರೆದುಕೊಂಡು ಹೋಗಿ ಅಂತಲೂ ಕೇಳುವುದಿಲ್ಲ.

ಭೀಮನ ಅಮಾವಾಸ್ಯೆ ತೆಗೆದುಕೊಳ್ಳಿ. ಆಷಾಢದ ಕೊನೆಯ ದಿನ, ಅಣ್ಣತಮ್ಮಂದಿರು ಹೊಸ್ತಿಲ ಮೇಲೆ ಮೊಣಕೈಯಲ್ಲಿ ಭಂಡಾರ ಒಡೆಯುತ್ತಾರೆ. ಒಳಗಿನ ಚಿಲ್ಲರೆ ಆರಿಸುವ ಗಲಾಟೆಯಲ್ಲಿ ಕಥೆ ಯಾರೂ ಸರಿಯಾಗಿ ಕೇಳುವುದಿಲ್ಲ. ಕೇಳಿದರೆ ಗಾಬರಿಯಾಗುತ್ತದೆ! ದುಡ್ಡಿನ ಆಸೆಗೆ ಒಬ್ಬ ಹುಡುಗಿಯನ್ನು ಸತ್ತ ರಾಜಕುಮಾರನಿಗೆ ಮದುವೆ ಮಾಡಿಕೊಡುತ್ತಾರೆ. ಹೆಣಕ್ಕೆ ಮದುವೆ. ಮಳೆ ಬಂತು ಅಂತ ನದಿ ದಡದಲ್ಲಿ ಹೆಣದ ಜೊತೆ ಅವಳೊಬ್ಬಳನ್ನೇ ಬಿಟ್ಟು ಎಲ್ಲರೂ ಹೋಗುತ್ತಾರೆ. ಅವಳು ಏನು ಮಾಡುತ್ತಾಳೆ? ಅವತ್ತು ಅಮಾವಾಸ್ಯೆ ಅಂತ ನೆನಪಾಗುತ್ತದೆ. ಮಣ್ಣಿನಲ್ಲೇ ದೀಪ ಮಾಡುತ್ತಾಳೆ, ಮಣ್ಣಿನಲ್ಲೇ ಕಡುಬು ಮಾಡುತ್ತಾಳೆ. ಶಿವ ಪಾರ್ವತಿ ದಂಪತಿ ವೇಷದಲ್ಲಿ ಬರುತ್ತಾರೆ, ರಾಜಕುಮಾರ ಏಳುತ್ತಾನೆ. ಇದನ್ನು ಸಿನಿಮಾ ಮಾಡಿ ಬೋರ್ಡಿನ ಮುಂದೆ ಇಟ್ಟರೆ ಎಷ್ಟು ವಯಸ್ಸಿನ ಸರ್ಟಿಫಿಕೇಟು ಕೊಡುತ್ತಾರೋ. ಆದರೆ ನೂರಾರು ವರ್ಷದಿಂದ ಮಕ್ಕಳ ಮುಂದೆಯೇ ಓದುತ್ತಿದ್ದೇವೆ, ಯಾರೂ ಬೆಚ್ಚಿಬಿದ್ದಿಲ್ಲ. ಯಾಕೆಂದರೆ ಆ ಹುಡುಗಿ ಹೆಣದ ಪಕ್ಕ ಮಲಗಿಬಿಡಲಿಲ್ಲ. ದೀಪ ಹಚ್ಚಿದಳು.

ಸಾವಿತ್ರಿಯೂ ಅಷ್ಟೇ. ಯಮನ ಹಿಂದೆ ಹೋದಳು ನಿಜ. ಮಾತಾಡುತ್ತಾ ಹೋದಳು, ಗಂಡನ ಜೀವ ಬಿಡಿಸಿಕೊಂಡು ಈ ಕಡೆಗೇ ಬಂದಳು.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವೂ ನಮ್ಮ ಜಿಲ್ಲೆಯಲ್ಲೇ ಇದೆ. ಇಲ್ಲಿನ ಹಳ್ಳಿಗಳಲ್ಲಿ ವೀರಗಲ್ಲು ನೋಡಿದ್ದೀರಿ. ಎಷ್ಟೋ ಕಡೆ ಅದರ ಮೇಲೆ ಬಟ್ಟೆ ಒಣಗಿಹಾಕಿರುತ್ತಾರೆ. ಕೆಳಗಿನ ಹಂತದಲ್ಲಿ ಹೋರಾಟ. ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿದ್ದಾನೆ. ಮೂರೇ ಫ್ರೇಮಿನಲ್ಲಿ ಪರಲೋಕದ ಸಿನಿಮಾ. ಅದರ ಪಕ್ಕದಲ್ಲಿ ಕೆಲವೊಮ್ಮೆ ಮಾಸ್ತಿಕಲ್ಲು ಇರುತ್ತದೆ. ಒಂದು ಕಂಬ, ಅದರಿಂದ ಹೊರಟ ಒಂದು ತೋಳು, ಮೇಲೆತ್ತಿದ ಕೈ, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ಗಂಡನ ಜೊತೆ ಬೆಂಕಿಗೆ ಹೋದವಳು. ಅದನ್ನೂ ಪ್ರೀತಿ ಅಂತಲೇ ಕೆತ್ತಿ ನಿಲ್ಲಿಸಿದ್ದಾರೆ, ಅರಿಶಿನ ಕುಂಕುಮ ಹಚ್ಚಿದ್ದಾರೆ.

ಹಳೇಬೀಡಿಗೆ ವರ್ಷವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ಹೊಯ್ಸಳೇಶ್ವರ ಗುಡಿಯ ಹತ್ತಿರ ಒಂದು ಕಂಬ ಇದೆ, ಜನ ಅದರ ಮುಂದೆ ನಿಲ್ಲುವುದೇ ಇಲ್ಲ. ವೀರಬಲ್ಲಾಳನ ಜೊತೆಗಾರ ಕುವರ ಲಕ್ಷ್ಮನ ಕಂಬ. ರಾಜ ಸತ್ತರೆ ತಾನೂ ಸಾಯುತ್ತೇನೆ ಅಂತ ಭಾಷೆ ಕೊಟ್ಟಿದ್ದ. ಹದಿಮೂರನೇ ಶತಮಾನದ ಮೊದಲಲ್ಲಿ ರಾಜ ತೀರಿಕೊಂಡಾಗ ಹೆಂಡತಿ ಮತ್ತು ಜೊತೆಯ ವೀರರ ಸಮೇತ ಹಾಗೇ ಮಾಡಿದ. ಅಂಥವರನ್ನು ಗರುಡರು ಅನ್ನುತ್ತಿದ್ದರು. ಕಂಬದ ಮೇಲೆ ಕತ್ತಿ ಹಿಡಿದು ತಮ್ಮನ್ನೇ ಕತ್ತರಿಸಿಕೊಳ್ಳುವ ಜನರ ಸಾಲು ಇದೆ. ಒಂದು ಸಲ ಎಂಟನೇ ಕ್ಲಾಸಿನ ಹುಡುಗನೊಬ್ಬ ನೋಡಿ, “ಸಾರ್, ರಾಜ ಸತ್ರೆ ಇವ್ರ್ಯಾಕೆ ಸಾಯ್ಬೇಕು? ಇವ್ರ ಮನೇಲಿ ಮಕ್ಳಿರ್ಲಿಲ್ವಾ?” ಅಂದ. ನಿಷ್ಠೆ, ಆ ಕಾಲದ ಧರ್ಮ ಅಂತ ಏನೋ ಹೇಳಿದೆ. ಅವನ ಪ್ರಶ್ನೆ ಕಂಬಕ್ಕಿಂತ ದೊಡ್ಡದಿತ್ತು ಅಂತ ಬಸ್ಸಿನಲ್ಲಿ ಬರುವಾಗ ಅನ್ನಿಸಿತು.

ಈಗ ನನ್ನ ಅಳತೆಗೋಲು ನಿಮಗೆ ಗೊತ್ತಾಗಿರಬಹುದು. ಯಾರು ಯಾರ ಹತ್ತಿರ ಹೋಗುತ್ತಾರೆ ಅಂತ ನೋಡಿ. ಸತ್ತವರು ಇದ್ದವರ ಹತ್ತಿರ ಬಂದು, ಹೇಳುವುದು ಹೇಳಿ, ಹೊರಟುಹೋದರೆ ಅದು ಎಡೆಯ ಕಥೆ. ಮನೆಯಲ್ಲಿ ಹಾಕಿ, ಮಕ್ಕಳು ಅಳಲಿ, ಪರವಾಗಿಲ್ಲ. ಇದ್ದವರು ಸತ್ತವರ ಹತ್ತಿರ ಹೊರಟರೆ ಅದು ಮಾಸ್ತಿಕಲ್ಲಿನ ಕಥೆ. ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿರಲಿ, ಅಲ್ಲಿ ನೀವು ಪಕ್ಕದಲ್ಲಿ ಇರಬೇಕು.

‘ಘೋಸ್ಟ್’ ನೋಡಿ. ನಮ್ಮ ಶಿವಣ್ಣಂದಲ್ಲ, ಅದು 2023ರದು. ಇದು 1990ರ ಹಾಲಿವುಡ್ ಸಿನಿಮಾ. ಇದಕ್ಕೂ ಅಲ್ಲಿ ಪಿಜಿ-13 ಅಂತಲೇ ಕೊಟ್ಟಿದ್ದರು. ಗಂಡು ಕೊಲೆಯಾಗುತ್ತಾನೆ. ತಾನು ಪ್ರೀತಿಸಿದವಳಿಗೆ ಅಪಾಯ ಇದೆ ಅಂತ ತಿಳಿದು ಹೋಗದೆ ಉಳಿಯುತ್ತಾನೆ. ಅವಳಿಗೆ ಸುದ್ದಿ ಮುಟ್ಟಿಸಲು ಶಕುನ ಹೇಳುವ ಹೆಂಗಸೊಬ್ಬಳನ್ನು ಕಾಡುತ್ತಾನೆ. ಆ ಪಾತ್ರ ಮಾಡಿದ ವೂಪಿ ಗೋಲ್ಡ್‌ಬರ್ಗ್‌ಗೆ ಆಸ್ಕರ್ ಬಂತು, ನಮ್ಮ ಮನೆಯಲ್ಲಿ ಅತಿ ಹೆಚ್ಚು ನಗು ಬಂದಿದ್ದೂ ಅವಳಿಂದಲೇ. ಅದರಲ್ಲಿ ಮಣ್ಣಿನ ಮಡಕೆ ತಿರುಗಿಸುವ ಒಂದು ದೃಶ್ಯ ಇದೆ. ಇಬ್ಬರ ಕೈಯೂ ಜೇಡಿಮಣ್ಣಿನಲ್ಲಿ. ಅಷ್ಟು ಹೊತ್ತಿಗೆ ಎಲ್ಲ ಮನೆಯಲ್ಲೂ ರಿಮೋಟ್ ಹುಡುಕಾಟ ಶುರುವಾಗುತ್ತದೆ. ನನ್ನನ್ನು ಕೇಳಿದರೆ ಆ ದೃಶ್ಯದಿಂದ ಯಾವ ಮಗುವಿಗೂ ಏನೂ ಆಗುವುದಿಲ್ಲ. ಕೆಟ್ಟವರು ಸತ್ತಾಗ ಕಪ್ಪು ನೆರಳುಗಳು ಬಂದು ಎಳೆದುಕೊಂಡು ಹೋಗುತ್ತವಲ್ಲ, ಸಣ್ಣವರು ಹೆದರುವುದು ಅದಕ್ಕೆ. ಕೊನೆಯಲ್ಲಿ ಅವನು ಬೀಳ್ಕೊಂಡು ಬೆಳಕಿನ ಕಡೆ ನಡೆಯುತ್ತಾನೆ. ಅವಳು ಇಲ್ಲೇ ನಿಲ್ಲುತ್ತಾಳೆ. ಹದಿಮೂರು ತುಂಬಿದವರಿಗೆ ಧಾರಾಳವಾಗಿ ತೋರಿಸಿ.

ನಾವು ನೋಡಿದ ಸಿನಿಮಾ ಅಷ್ಟು ಸುಲಭ ಅಲ್ಲ. ಅದರಲ್ಲಿ ಎರಡು ಮುಳ್ಳು, ಎದುರು ಬದರು.

ಒಂದು, ಜೀವ ತೆಗೆದುಕೊಂಡವರು ನರಕಕ್ಕೆ ಹೋಗುತ್ತಾರೆ ಅನ್ನುವುದು. ಸಿನಿಮಾ ಅದನ್ನು ಶಿಕ್ಷೆ ಅನ್ನುವುದಿಲ್ಲ, ಅಷ್ಟು ನ್ಯಾಯ ಒಪ್ಪಬೇಕು. ಅಲ್ಲಿ ಯಾರೂ ತೀರ್ಪು ಕೊಡುವವರಿಲ್ಲ, ಅವಳು ತನ್ನ ದುಃಖದೊಳಗೇ ಸಿಕ್ಕಿಕೊಂಡಿದ್ದಾಳೆ, ಸತ್ತಿದ್ದೇನೆ ಅಂತಲೂ ಅವಳಿಗೆ ಗೊತ್ತಿಲ್ಲ ಅಂತ ಬಿಡಿಸಿ ಹೇಳುತ್ತದೆ. ದೊಡ್ಡವರಿಗೆ ಅರ್ಥವಾಗುತ್ತದೆ. ಮಗುವಿನ ಕಿವಿಗೆ ಬೀಳುವುದು ‘ನರಕ’ ಒಂದೇ ಮಾತು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಆಲೂಗಡ್ಡೆಗೆ ಅಂಗಮಾರಿ ಬಿದ್ದು ಹೊಲ ಕರಗಿಹೋದ ವರ್ಷ ಅವನ ಅಪ್ಪ ಸಾಲಕ್ಕೆ ಹೆದರಿ ಜೀವ ಬಿಟ್ಟರು. ಆ ಹುಡುಗ ಈ ಸೋಫಾ ಮೇಲೆ ಕೂತಿದ್ದರೆ? ಅಪ್ಪ ಆ ಮುಖಗಳ ನೆಲದಲ್ಲಿ ಹೂತುಹೋಗಿದ್ದಾನೆ ಅಂತ ರಾತ್ರಿಯೆಲ್ಲ ಅಂದುಕೊಳ್ಳುವುದಿಲ್ಲವೇ? ನಮ್ಮ ಜಿಲ್ಲೆಯಲ್ಲಿ ಅಂಥ ಮನೆ ಅಪರೂಪ ಅಲ್ಲ. ಹೆಸರು ಬೇಡ, ಊರೂ ಬೇಡ.

ಇನ್ನೊಂದು ಮುಳ್ಳು ಇದಕ್ಕಿಂತ ಸಿಹಿ, ಹಾಗಾಗಿ ಜಾಸ್ತಿ ಅಪಾಯ. ಗಂಡ ನರಕಕ್ಕೆ ಹೋಗಿ ಅವಳನ್ನು ಕರೆತರುತ್ತಾನೆ. ಸ್ವರ್ಗದಲ್ಲಿ ಮಕ್ಕಳೂ ಸಿಗುತ್ತಾರೆ. ಕೊನೆಗೆ ಇಬ್ಬರೂ ಮತ್ತೆ ಹುಟ್ಟಿ ಚಿಕ್ಕವರಾಗಿ ನೀರಿನ ದಡದಲ್ಲಿ ಭೇಟಿಯಾಗುತ್ತಾರೆ. ಪುನರ್ಜನ್ಮ ನಮಗೆ ಹೊಸದಲ್ಲ, ಅಕ್ಕನಿಗೆ ಅದು ಆಶ್ಚರ್ಯವೇ ಆಗಲಿಲ್ಲ. ಆದರೆ ಹದಿನಾಲ್ಕರ ಹುಡುಗಿಗೆ? ಜೀವ ಬಿಟ್ಟರೂ ಪ್ರೀತಿಸಿದವರು ಬಂದು ಕರೆದುಕೊಂಡು ಹೋಗುತ್ತಾರೆ, ಮತ್ತೊಂದು ಚಾನ್ಸ್ ಸಿಗುತ್ತದೆ ಅನ್ನುವ ಹಾಗೆ ಕೇಳಿಸುವುದಿಲ್ಲವೇ? ಇದು ನನ್ನ ವಯಸ್ಸಿನ ಗೊಣಗಾಟ ಅಂದುಕೊಳ್ಳಬೇಡಿ. 1774ರಲ್ಲಿ ಜರ್ಮನಿಯಲ್ಲಿ ಗಯಟೆ ಬರೆದ ಒಂದು ಕಾದಂಬರಿಯ ನಾಯಕ ಪ್ರೇಮ ಕೈಗೂಡದೆ ಜೀವ ಬಿಡುತ್ತಾನೆ. ಅವನನ್ನು ಅನುಕರಿಸುತ್ತಾರೆ ಅಂತ ಕೆಲವು ಊರುಗಳಲ್ಲಿ ಪುಸ್ತಕಕ್ಕೇ ನಿಷೇಧ ಹಾಕಿದರು. ಎರಡು ನೂರು ವರ್ಷ ಬಿಟ್ಟು ಸಮಾಜಶಾಸ್ತ್ರದವರು ಈ ಅನುಕರಣೆಗೆ ಆ ನಾಯಕನ ಹೆಸರನ್ನೇ ಇಟ್ಟರು. ನಿಷೇಧ ಮಾಡಿ ಅಂತ ನಾನು ಹೇಳುತ್ತಿಲ್ಲ. ಟೀವಿ ಆರಿಸಿದ ಮೇಲೆ ಎದ್ದು ತಟ್ಟೆ ತೊಳೆಯಲು ಹೋಗಬೇಡಿ, ಅಲ್ಲೇ ಕೂರಿ ಅಂತ ಹೇಳುತ್ತಿದ್ದೇನೆ.

ನಾನು ಅವತ್ತು ರಾತ್ರಿ ಮೊಮ್ಮಗಳ ಹತ್ತಿರ ಕೂತೆ. “ಆ ಹೆಂಗಸು ಮಾಡಿದ್ದು ನಿನಗೆ ಏನನ್ನಿಸಿತು ಪುಟ್ಟಿ?” ಅಂದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, “ತಾತ, ಅವಳ ಫ್ರೆಂಡ್ಸ್ ಯಾರೂ ಬರ್ಲೇ ಇಲ್ಲ ಅಲ್ವಾ? ಸತ್ತವನು ಬಂದ, ಬದುಕಿರೋರು ಯಾರೂ ಬರ್ಲಿಲ್ಲ” ಅಂದಳು. ನಾನು ಎರಡು ಗಂಟೆ ನೋಡಿ ಕಾಣದ್ದು ಅವಳಿಗೆ ಕಂಡಿತ್ತು. ಬಂದರೆ ಸಹಾಯ ಆಗುತ್ತದೆ, ಯಾರೂ ಬರದಿದ್ದರೆ ಫೋನಾದರೂ ಮಾಡಬಹುದು ಅಂತ ಹೇಳಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ ಬರೆದುಕೊಟ್ಟೆ. 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವೂ ಬರೆದುಕೊಳ್ಳಿ. ಆ ಸಿನಿಮಾದ ನಾಯಕ ರಾಬಿನ್ ವಿಲಿಯಮ್ಸ್ 2014ರಲ್ಲಿ ತಾನೇ ಜೀವ ತೆಗೆದುಕೊಂಡ. ಜಗತ್ತನ್ನೆಲ್ಲ ನಗಿಸಿದವನು. ಅದು ಗೊತ್ತಿದ್ದು ನೋಡಿದರೆ ಸಿನಿಮಾ ಬೇರೆಯೇ ಕಾಣುತ್ತದೆ. ಮೊಮ್ಮಗಳಿಗೆ ಅದನ್ನೂ ಹೇಳಿದೆ. ಮುಚ್ಚಿಟ್ಟರೆ ಮೊಬೈಲ್ ಹೇಳುತ್ತದೆ.

ಚಿಕ್ಕವರ ಬಗ್ಗೆ ಒಂದು ಮಾತು. ಮಾರಿಯಾ ನಾಗಿ ಅನ್ನುವ ಸಂಶೋಧಕಿ ಹಂಗೇರಿಯ ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಬರೆದಿದ್ದಾರೆ. ಐದರ ಕೆಳಗಿನವರಿಗೆ ಸಾವು ಅಂದರೆ ನಿದ್ದೆ ಅಥವಾ ಊರಿಗೆ ಹೋದ ಹಾಗೆ, ವಾಪಸ್ ಬರಬಹುದು. ಐದರಿಂದ ಒಂಬತ್ತರವರೆಗೆ ಸಾವು ಒಬ್ಬ ಮನುಷ್ಯನ ಹಾಗೆ, ಬಂದು ಹಿಡಿದುಕೊಂಡು ಹೋಗುತ್ತಾನೆ. ಒಂಬತ್ತರ ಮೇಲೆ ಅದು ಎಲ್ಲರಿಗೂ ಬರುವಂಥದ್ದು ಅಂತ ತಿಳಿಯುತ್ತದೆ. ಎಲ್ಲ ಮಕ್ಕಳೂ ಇದೇ ಅಳತೆಗೆ ಬೆಳೆಯುವುದಿಲ್ಲ ಬಿಡಿ. ಆದರೆ ನಮ್ಮ ಎಂಟರ ಮೊಮ್ಮಗ ಅದೇ ಹಿಡಿದುಕೊಂಡು ಹೋಗುವ ವಯಸ್ಸಿನಲ್ಲಿದ್ದ. ಒಂದು ವಾರ ಬಚ್ಚಲಿಗೆ ಒಬ್ಬನೇ ಹೋಗಲಿಲ್ಲ. ಅದು ನನ್ನದೇ ತಪ್ಪು. ನಾಯಿ ಬರುವ ತನಕ ತೋರಿಸಿ ಅವನನ್ನು ಮಲಗಿಸಬೇಕಿತ್ತು.

ಇನ್ನು ಅಕ್ಕ. ಗಂಡನನ್ನು ಕಳೆದುಕೊಂಡವಳು ಇದನ್ನು ನೋಡಿ ಎಲ್ಲಿ ಕುಸಿಯುತ್ತಾಳೋ ಅಂತ ನಮಗೆಲ್ಲ ಹೆದರಿಕೆ. ಮುಗಿದ ಮೇಲೆ ಅವಳೊಬ್ಬಳೇ ಆರಾಮಾಗಿದ್ದಳು. “ಅವನು ಅಷ್ಟು ದೂರ ಹೋಗಿ ಬರೀ ಪ್ರೀತಿ ಮಾತಾಡ್ತಾನಲ್ಲೋ. ನಿಮ್ಮ ಭಾವ ಬಂದಿದ್ರೆ ಮೊದ್ಲು ಮೋಟ್ರು ಆಫ್ ಮಾಡಿದ್ಯಾ ಅಂತ ಕೇಳ್ತಿದ್ರು” ಅಂದಳು. ಮಾರನೇ ದಿನ ಆ ಬಣ್ಣದ ತೋಟದ ಭಾಗ ಮತ್ತೆ ಹಾಕಿಸಿಕೊಂಡು ನೋಡಿದಳು, ಕಾಫಿ ಕುಡಿಯುತ್ತಾ. ಕಳೆದುಕೊಂಡವರಿಗೆ ಇಂಥವು ಬೇಡ ಅಂತ ನಾವು ತೀರ್ಮಾನ ಮಾಡುವುದು ಎಷ್ಟು ಸರಿ? ಅವರನ್ನೇ ಕೇಳಬಹುದು. ಅವಳನ್ನು ನಾವು ಕೇಳಿರಲೇ ಇಲ್ಲ.

ಇಲ್ಲಿಗೆ ಮಾತು ಮುಗಿಸಿದ್ದೆ. ಆಮೇಲೆ ಪ್ರಶ್ನೆಗಳು ಬಂದವು. ಹಿಂದಿನ ಸಾಲಿನ ಯುವಕರೊಬ್ಬರು, ಇಷ್ಟೆಲ್ಲ ಯೋಚನೆ ಮಾಡಿದರೆ ಸಿನಿಮಾ ನೋಡುವ ಖುಷಿ ಎಲ್ಲಿ ಉಳಿಯುತ್ತದೆ ಸಾರ್ ಅಂದರು. ದೊಡ್ಡವರೊಬ್ಬರು ಮೊದಲು ನೋಡಿದರೆ ಸಾಕು, ಉಳಿದವರು ಖುಷಿಯಾಗಿ ನೋಡಲಿ, ಅಡುಗೆಗೂ ಉಪ್ಪು ಒಬ್ಬರೇ ನೋಡುವುದಲ್ವಾ ಅಂದೆ. ಮುಂದೆ ಕೂತಿದ್ದ ಒಬ್ಬ ತಾಯಿ, ನಿಮ್ಮ ಮೊಮ್ಮಗ ಈಗ ಹೇಗಿದ್ದಾನೆ ಅಂತ ಕೇಳಿದರು.

ಚೆನ್ನಾಗಿದ್ದಾನೆ. ಈ ಸಲ ಪಕ್ಷದಲ್ಲಿ ಭಾವನ ಎಡೆಯ ಪಕ್ಕ ರಾಜನಿಗೂ ಒಂದು ಎಲೆ ಹಾಕಬೇಕು ಅಂತ ಹಟ ಮಾಡಿದ. ನಾಯಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕನೇ ಒಂದು ಸಣ್ಣ ಎಲೆ ಹರಿದು ಕೊಟ್ಟಳು. ಅವನು ಅದರ ಮೇಲೆ ಆರು ಪಾರ್ಲೆ-ಜಿ ಬಿಸ್ಕತ್ತು ಜೋಡಿಸಿದ. ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಅಕ್ಕ ಮಾತ್ರ ಧೂಪ ನೋಡಿ ಬರುತ್ತೇನೆ ಅಂತ ಒಂದು ನಿಮಿಷ ಒಳಗೆ ಹೋಗಿ ಬಂದಳು. ಬಾಗಿಲು ತೆಗೆದಾಗ ಐದೇ ಇದ್ದವು. ಹುಡುಗ ಎರಡು ಸಲ ಎಣಿಸಿದ. ಅಕ್ಕನಿಗೆ ಶುಗರ್ ಇದೆ, ಬಿಸ್ಕತ್ತು ತಿನ್ನಬಾರದು ಅಂತ ಡಾಕ್ಟರು ಹೇಳಿದ್ದಾರೆ. ಸೆರಗಿನ ಮೇಲೆ ಪುಡಿ ಇತ್ತು. ನಾನು ಏನೂ ಕೇಳಲಿಲ್ಲ.